ನಾಲ್ಕು ಗೋಲಿನ ಸಾಹೇಬ

೧೯೩೭ರ ಡಿಸೆಂಬರಿನಲ್ಲಿ, ಬ್ಯಾಡಗಿಯ ಪೇಟೆಗೆ ಹೊಸ ಮೆಣಸಿನಕಾಯಿ ಬರತೊಡಗಿದ ವಾರವೇ, ಹಗಲಿನ ಪ್ಯಾಸೆಂಜರ್ ಗಾಡಿಯಿಂದ ಒಬ್ಬ ಬಿಳಿಯ ಮನುಷ್ಯ ಇಳಿದ. ಇಳಿದವನೇ ಹದಿನೇಳು ಸಲ ಸೀನಿದ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಅದು ಎಪ್ಪತ್ತು ಸೀನು ಆಗಿತ್ತು. ಬ್ಯಾಡಗಿಯ ಜನ ಸಣ್ಣ ಲೆಕ್ಕವನ್ನು ಒಪ್ಪುವವರಲ್ಲ.

ಅವನನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದವನು ಕುತುಬುದ್ದೀನ. ಸೋಮಣ್ಣಶೆಟ್ಟರ ಅಡತಿ ಅಂಗಡಿಯಲ್ಲಿ ಚೀಲಗಳಿಗೆ ಗುರುತು ಬರೆಯುವ ಗುಮಾಸ್ತ, ನಲವತ್ತೆರಡರ ಮನುಷ್ಯ. ಪ್ರಾಯದಲ್ಲಿ ಮುಂಬಯಿಯ ಬಂದರಿನಲ್ಲಿ ಹನ್ನೊಂದು ವರ್ಷ ದುಡಿದು ಬಂದಿದ್ದರಿಂದ ಊರಿನಲ್ಲಿ ಇಂಗ್ಲಿಷ್ ಬಲ್ಲವನು ಎನಿಸಿಕೊಂಡಿದ್ದ. ಅವನ ಇಂಗ್ಲಿಷಿನಲ್ಲಿ ಸರಕಿನ ಮಾತಿತ್ತು, ಮಳೆಗಾಳಿಯ ಮಾತಿತ್ತು, ಉಳಿದದ್ದು ಬೈಗುಳ. ಬಂದವನ ಇಂಗ್ಲಿಷೂ ಹಾಗೇ ಇತ್ತು. ಸ್ಟೇಷನ್ನಿನಿಂದ ಪೇಟೆಗೆ ಬರುವಷ್ಟರಲ್ಲಿ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯತೊಡಗಿತು.

ಅವನ ಹೆಸರು ಎಲಾದಿಯೊ ಮೆಂಡಿಜೂರಿ. ಎಲಾದಿಯೊ ಎಂದು ಕರೆದರೆ ಬ್ಯಾಡಗಿಯ ಕಿವಿಗೆ ‘ಎಲ್ಲದೀಯೋ’, ಎಂದರೆ ಎಲ್ಲಿದ್ದೀಯೋ, ಎಂದು ಯಾರನ್ನೋ ಏಕವಚನದಲ್ಲಿ ಕೂಗಿದ ಹಾಗೆ ಕೇಳುತ್ತಿತ್ತು. ಅಷ್ಟು ದೂರದಿಂದ ಬಂದವನನ್ನು ಹಾಗೆ ಕೂಗುವುದು ಸರಿಯಲ್ಲವೆಂದು ಪೇಟೆಯವರು ಮೂರೇ ದಿನದಲ್ಲಿ ಹೆಸರಿಗೆ ಮರ್ಯಾದೆ ಹಚ್ಚಿ ‘ಎಲ್ಲದೀರಿ ಸಾಹೇಬ್ರು’ ಮಾಡಿಕೊಂಡರು. ಅವನು ಇಂಗ್ಲಿಷರವನಲ್ಲ, ಸ್ಪೇನ್ ದೇಶದವನು ಎಂದು ಕುತುಬುದ್ದೀನ ಎಲ್ಲರಿಗೂ ಹೇಳಿದ. ಅಲ್ಲಿ ಒಂದೇ ದೇಶದವರು ಎರಡು ಪಾಲಾಗಿ ಬಡಿದಾಡುತ್ತಿದ್ದಾರೆಂದೂ, ಅದರಿಂದ ಅಲ್ಲಿಯ ಮೆಣಸಿನಪುಡಿಯ ಗಿರಣಿಗಳು ನಿಂತುಹೋಗಿವೆಯೆಂದೂ, ಮುಂಬಯಿಯ ಒಂದು ಕಂಪನಿ ಕೆಂಪು ಬಣ್ಣ ಪರೀಕ್ಷೆ ಮಾಡಲು ಇವನನ್ನು ಇಟ್ಟುಕೊಂಡಿದೆಯೆಂದೂ ಹೇಳಿದ. ಇವನ ಮಾವನದೇ ಒಂದು ಗಿರಣಿ ಇತ್ತಂತೆ.

ಎಲಾದಿಯೊ ಅಂಗಡಿಯಿಂದ ಅಂಗಡಿಗೆ ಹೋಗಿ ಮೆಣಸಿನಕಾಯಿಯನ್ನು ಅಂಗೈಯಲ್ಲಿಟ್ಟು ಉಜ್ಜಿ, ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದ. ಖಾರವನ್ನು ಕೇಳುತ್ತಲೇ ಇರಲಿಲ್ಲ. ಅವನ ದೇಶದವರಿಗೆ ಖಾರ ಬೇಡ, ಬಣ್ಣ ಬೇಕು ಎಂದು ತಿಳಿದಾಗ ಪೇಟೆಯ ಹಿರಿಯರು ಆ ದೇಶದಲ್ಲಿ ಯುದ್ಧ ಆಗಿದ್ದು ಆಶ್ಚರ್ಯವಲ್ಲ ಎಂದರು.

ಎಲಾದಿಯೊ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ. ಅದು ಗೊತ್ತಾದದ್ದು ಜನವರಿಯ ಒಂದು ಮಧ್ಯಾಹ್ನ, ಸೋಮಣ್ಣಶೆಟ್ಟರ ಕಣದಲ್ಲಿ.

ಕಣದ ಆಚೆಗೆ ಬಯಲು. ಅಲ್ಲಿ ಶೆಟ್ಟರ ತಮ್ಮನ ಮಗ ಬಸವರಾಜ ಮತ್ತು ಅವನ ಗೆಳೆಯರು ಫುಟ್‌ಬಾಲ್ ಆಡುತ್ತಿದ್ದರು. ಬ್ಯಾಡಗಿ ಸ್ಪೋರ್ಟಿಂಗ್ ಯೂನಿಯನ್ ಎಂಬುದು ಅವರ ತಂಡ. ಶೆಟ್ಟರು ಅದರ ಅಧ್ಯಕ್ಷರು. ಅವರ ಆಟದ ಪದ್ಧತಿ ಸರಳವಾಗಿತ್ತು. ಚೆಂಡು ಎಲ್ಲಿದೆಯೋ ಅಲ್ಲಿಗೆ ಇಪ್ಪತ್ತೆರಡು ಜನವೂ ಓಡುವುದು, ಕಾಲಿಗೆ ಸಿಕ್ಕವನು ಒದೆಯುವುದು, ಮತ್ತೆ ಎಲ್ಲರೂ ಓಡುವುದು. ಆ ಮಧ್ಯಾಹ್ನ ಹಾಗೆ ಒದ್ದ ಚೆಂಡು ಕಣದ ಮೇಲೆ ಹಾರಿ, ಒಣಗಲು ಹರವಿದ್ದ ಮೆಣಸಿನಕಾಯಿಯ ಕಡೆಗೆ ಇಳಿಯತೊಡಗಿತು.

ಎಲಾದಿಯೊ ಒಂದು ಹೆಜ್ಜೆ ಹಿಂದೆ ಸರಿದು ಬಲಗಾಲು ಎತ್ತಿದ. ಚೆಂಡು ಅವನ ಪಾದದ ಮೇಲೆ ಬಂದು ಹಕ್ಕಿ ಕೂತ ಹಾಗೆ ಕೂತಿತು. ಅವನು ಅದನ್ನು ನೆಲಕ್ಕಿಳಿಸಿದ, ತಲೆ ಎತ್ತಿ ಬಯಲನ್ನು ಒಮ್ಮೆ ನೋಡಿದ, ಮತ್ತೆ ಒದ್ದ. ಒದ್ದ ಎನ್ನುವುದಕ್ಕಿಂತ ಕಳಿಸಿದ ಎನ್ನಬೇಕು. ಅರವತ್ತು ಹೆಜ್ಜೆ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಬಸವರಾಜನ ಎರಡು ಪಾದಗಳ ನಡುವೆ ಚೆಂಡು ಹೋಗಿ ನಿಂತಿತು. ಕಣದಲ್ಲಿ ಒಂದು ಮೆಣಸಿನಕಾಯಿಯೂ ಹೊರಳಿರಲಿಲ್ಲ.

ಸೋಮಣ್ಣಶೆಟ್ಟರು ಗಾದಿಯಿಂದ ಎದ್ದು ಬಂದರು. ಇವನು ಯಾರೆಂದು ಕೇಳು ಎಂದು ಕುತುಬುದ್ದೀನನಿಗೆ ಹೇಳಿದರು. ಎಲಾದಿಯೊ ಸಂಕೋಚದಿಂದಲೇ ಹೇಳಿದ: ತನ್ನ ಊರು ಉತ್ತರ ಸ್ಪೇನಿನ ಒಂದು ಬಂದರು, ಅಲ್ಲಿಯ ತಂಡದಲ್ಲಿ ಒಂಬತ್ತು ವರ್ಷ ಆಡಿದ್ದೇನೆ, ನಡುವಿನ ಆಟಗಾರ, ಮೊಣಕಾಲು ಮುರಿದ ಮೇಲೆ ಬಿಟ್ಟೆ. ಆಟಕ್ಕೆ ತಿಂಗಳ ಪಗಾರ ಇತ್ತು ಎಂದಾಗ ಶೆಟ್ಟರು ಕುತುಬುದ್ದೀನನಿಗೆ ಇನ್ನೊಮ್ಮೆ ಕೇಳಲು ಹೇಳಿದರು. ಚೆಂಡು ಒದೆಯಲು ಪಗಾರ ಕೊಡುವ ದೇಶವೊಂದು ಭೂಮಿಯ ಮೇಲೆ ಇದೆಯೆಂದು ಅವರಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿಕೆಯಾದ ಕೂಡಲೇ ಮುಖದಲ್ಲಿ ಗೌರವ ಮೂಡಿತು.

“ಎಷ್ಟ ಗೋಲ ಹೊಡದಾನಂತ ಕೇಳ,” ಎಂದರು.

ಕುತುಬುದ್ದೀನ ಕೇಳಿದ. ಎಲಾದಿಯೊ ನಾಲ್ಕು ಬೆರಳು ಎತ್ತಿ ತೋರಿಸಿ ನಕ್ಕ.

“ನಾಕರಿ, ಸಾವಕಾರ್ರ.”

“ವಾರಕ್ಕ ನಾಕಾ?”

ಒಂಬತ್ತು ವರ್ಷಕ್ಕೆ ಎಂಬ ಮಾತು ಕುತುಬುದ್ದೀನನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಅಂಗಡಿಯ ಹಮಾಲರು, ತೂಕದವರು, ಪಕ್ಕದ ಅಂಗಡಿಯವರು ಎಲ್ಲ ಬಂದು ಸುತ್ತ ನಿಂತಿದ್ದರು. ನಾಲ್ಕು ಬೆರಳು ನೋಡಿ ಇಬ್ಬರು ಆಗಲೇ ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಎಲಾದಿಯೊ ಇನ್ನೂ ಬೆರಳು ಎತ್ತಿಕೊಂಡೇ, ತಾನು ಹೇಳಿದ್ದು ಸರಿಯಾಗಿ ಮುಟ್ಟುತ್ತದೆ ಎಂಬ ಭರವಸೆಯಿಂದ ಇವನ ಮುಖ ನೋಡುತ್ತಿದ್ದ. ಕುತುಬುದ್ದೀನನಿಗೆ ಆ ಬೆರಳುಗಳ ಮೇಲೆ ಕನಿಕರ ಹುಟ್ಟಿತು.

“ನಾಕನೂರರಿ,” ಎಂದ. “ನಾ ಕೇಳಿದ್ದ ತಪ್ಪಾತು.”

ಆ ಮಾತು ಅಂದೇ ಗಾಡಿ ಹತ್ತಿ ರಾಣೇಬೆನ್ನೂರಿಗೆ ಹೋಯಿತು, ಎದುರಿನ ಗಾಡಿಯಲ್ಲಿ ಹಾವೇರಿಗೂ ಹೋಯಿತು. ರಾಣೇಬೆನ್ನೂರಿನ ಅರಳೆ ವ್ಯಾಪಾರಿಗಳು ಬ್ಯಾಡಗಿಯವರಿಗೆ ಇಂಥ ಭಾಗ್ಯ ಯಾಕೆ ಬಂತೆಂದು ಹೊಟ್ಟೆ ಉರಿಸಿಕೊಂಡರು. ಹಾವೇರಿಯಲ್ಲಿ ವಕೀಲ ಪ್ರಭಾಕರರಾಯರು, ಊರಿನ ಯಾವ ಸಮಾರಂಭಕ್ಕೂ ಸ್ವಾಗತ ಸಮಿತಿಯ ಕಾರ್ಯದರ್ಶಿ ತಾವೇ ಆಗಿರುತ್ತಿದ್ದವರು, ನಾನೂರು ಗೋಲನ್ನು ಒಂಬತ್ತು ವರ್ಷದಿಂದ ಆರು ವರ್ಷಕ್ಕೆ ಇಳಿಸಿದರು. ಹಾಗೆ ಮಾಡಿದರೆ ಭಾಷಣದಲ್ಲಿ ಚೆನ್ನಾಗಿ ಕೇಳುತ್ತದೆ ಎಂದು. ಒಂದು ವಾರಪತ್ರಿಕೆ ಸಾಹೇಬನಿಗೆ ಸ್ಪೇನಿನ ರಾಜನ ಕೈಯಿಂದ ಕತ್ತಿಯೊಂದನ್ನು ಕೊಡಿಸಿತು. ಆ ಕತ್ತಿ ಎಲ್ಲಿ ಎಂದು ಕೇಳಿದವರಿಗೆ ಕುತುಬುದ್ದೀನ, ಯುದ್ಧದಲ್ಲಿ ಬೇಕಾಗಿದ್ದರಿಂದ ಮನೆಯಲ್ಲೇ ಬಿಟ್ಟು ಬಂದಿದ್ದಾರೆ ಎಂದ.

ಸುಳ್ಳು ಹೇಳಿದವನಿಗೆ ಇಷ್ಟು ಲಾಭವಾಗುತ್ತದೆಂದು ಕುತುಬುದ್ದೀನನಿಗೆ ಗೊತ್ತಿರಲಿಲ್ಲ. ಮೊದಲು ಚೀಲದ ಮೇಲೆ ಕೂಡುತ್ತಿದ್ದವನಿಗೆ ಈಗ ಕುರ್ಚಿ ಬರುತ್ತಿತ್ತು. ಯೂನಿಯನ್ನಿನ ಉಪಕಾರ್ಯದರ್ಶಿ ಎಂಬ ಹುದ್ದೆಯನ್ನು ಅವನಿಗಾಗಿಯೇ ಹುಟ್ಟಿಸಿದರು. ಮನೆಯಲ್ಲಿ ಹೆಂಡತಿ ಜೈತೂನಬಿ ಮಾತ್ರ, ಆ ಮನುಷ್ಯನ ಬಾಯಲ್ಲಿ ನೀನು ಇಟ್ಟ ಮಾತೆಲ್ಲ ಒಂದು ದಿನ ಅವನೇ ಉಗುಳಬೇಕಾಗುತ್ತದೆ ಎಂದು ರೊಟ್ಟಿ ಬಡಿಯುತ್ತ ಹೇಳಿದಳು.

ಸುಳ್ಳಿಗೆ ಸರಕು ಬೇಕಲ್ಲ. ಅದಕ್ಕಾಗಿ ಕುತುಬುದ್ದೀನ ಮಧ್ಯಾಹ್ನದ ಹೊತ್ತು ಗೋದಾಮಿನ ನೆರಳಿನಲ್ಲಿ ಕೂತು ಎಲಾದಿಯೊನ ನಿಜವಾದ ಆಟದ ಕತೆ ಕೇಳತೊಡಗಿದ. ಕೇಳಿದಷ್ಟೂ ಎದೆ ಕುಸಿಯಿತು. ಮೊದಲ ಗೋಲು, ಬೇರೆ ಯಾರೋ ಒದ್ದ ಚೆಂಡು ಇವನ ಬೆನ್ನಿಗೆ ಬಡಿದು ಒಳಗೆ ಹೋದದ್ದು. ಎರಡನೆಯದು ಸಮುದ್ರದ ಮಂಜು ಇಳಿದ ದಿನ. ಹೊಡೆದದ್ದನ್ನು ಯಾರೂ ನೋಡಿರಲಿಲ್ಲ, ಚೆಂಡು ಬಲೆಯಲ್ಲಿ ಸಿಕ್ಕಾಗ ಇವನೇ ಹತ್ತಿರ ಇದ್ದನೆಂದು ಇವನ ಹೆಸರಿಗೆ ಬರೆದರು. ಮೂರನೆಯದು ನ್ಯಾಯವಾಗಿಯೇ ಆಗಿತ್ತು, ಆದರೆ ಅಷ್ಟರಲ್ಲಿ ತಂಡ ಐದು ಗೋಲಿನಿಂದ ಸೋತಿತ್ತು. ನಾಲ್ಕನೆಯದು ತನ್ನದೇ ತಂಡದ ಗೋಲಿನೊಳಗೆ.

ಹಾಗಾದರೆ ಅವರು ಒಂಬತ್ತು ವರ್ಷ ಪಗಾರ ಕೊಟ್ಟದ್ದು ಯಾತಕ್ಕೆ ಎಂದು ಕುತುಬುದ್ದೀನ ಕೇಳಿದ. ಎಲಾದಿಯೊ ಹತ್ತು ಮೆಣಸಿನಕಾಯಿಗಳನ್ನು ನೆಲದ ಮೇಲೆ ಇಟ್ಟು ತೋರಿಸಿದ. ಹಿಂದಿನವರು ಚೆಂಡನ್ನು ಗಾಬರಿಯಿಂದ ಕಳಿಸುತ್ತಾರೆ. ಮುಂದಿನವರಿಗೆ ಅದು ಸಮಾಧಾನವಾಗಿ ಸಿಗಬೇಕು. ನಡುವೆ ಒಬ್ಬ ಗಾಬರಿಯನ್ನು ತಗೊಂಡು ಸಮಾಧಾನ ಕೊಡಬೇಕು. ಅದೇ ತನ್ನ ಕೆಲಸ ಎಂದ. ಚೆನ್ನಾಗಿ ಮಾಡಿದ ದಿನ ಯಾರಿಗೂ ನೆನಪು ಇರುವುದಿಲ್ಲ, ಕೆಟ್ಟದಾಗಿ ಮಾಡಿದ ದಿನ ಇಡೀ ಊರು ನೆನಪಿಡುತ್ತದೆ ಎಂದೂ ಹೇಳಿದ. ಕುತುಬುದ್ದೀನನಿಗೆ ಇದು ಪೇಟೆಯ ದಲಾಲಿಯ ಕೆಲಸದ ಹಾಗೇ ಕಂಡಿತು. ಆದರೆ ಇದನ್ನು ಹೊರಗೆ ಹೇಳಿ ಪ್ರಯೋಜನವಿರಲಿಲ್ಲ. ಆ ಸಂಜೆ ಪೇಟೆಯಲ್ಲಿ ಅವನು, ಸಾಹೇಬರು ಒಮ್ಮೆ ಮಂಜಿನಲ್ಲಿ ಕಣ್ಣು ಮುಚ್ಚಿಕೊಂಡೇ ಐದು ಗೋಲು ಹೊಡೆದಿದ್ದರು ಎಂದ.

ಫೆಬ್ರವರಿಯಲ್ಲಿ ಹಾವೇರಿಯಲ್ಲಿ ಹುದಲಿಕರ ಶೀಲ್ಡಿನ ಪಂದ್ಯ. ನಿವೃತ್ತ ಮಾಮಲೇದಾರ ರಾವಸಾಹೇಬ ಹುದಲಿಕರರು ತಮ್ಮ ಹೆಸರು ಉಳಿಯಲೆಂದು ಕೊಟ್ಟ ಹಿತ್ತಾಳೆಯ ಶೀಲ್ಡು ಅದು. ಬ್ಯಾಡಗಿಗೂ ರಾಣೇಬೆನ್ನೂರಿಗೂ ಪಂದ್ಯವೆಂದು ಗೊತ್ತಾದ ದಿನವೇ ಸೋಮಣ್ಣಶೆಟ್ಟರು ಸಾಹೇಬರು ಆಡುತ್ತಾರೆ ಎಂದು ಘೋಷಿಸಿಬಿಟ್ಟರು. ಪರದೇಶದವನು ಹೇಗೆ ಆಡುತ್ತಾನೆ ಎಂದು ರಾಣೇಬೆನ್ನೂರಿನವರು ತಕರಾರು ಎತ್ತಿದರು. ಪ್ರಭಾಕರರಾಯರು ನಿಯಮದ ಪುಸ್ತಕ ತೆಗೆದು, ಆಟಗಾರನು ತಾಲೂಕಿನಲ್ಲಿ ವಾಸವಾಗಿ ಯಾವುದಾದರೂ ಉದ್ಯೋಗ ಮಾಡುತ್ತಿರಬೇಕು ಎಂದಷ್ಟೇ ಇದೆ, ಅವನು ಸ್ಪೇನಿನವನು ಆಗಿರಬಾರದು ಎಂದು ಎಲ್ಲಿಯೂ ಬರೆದಿಲ್ಲ ಎಂದು ತೀರ್ಪು ಕೊಟ್ಟರು. ಅದಾದ ಮೇಲೆ ರಾಣೇಬೆನ್ನೂರಿನವರು ತಕರಾರು ಬಿಟ್ಟು, ಸಾಹೇಬನಿಗೆ ಅರಳೆಯ ಬಣ್ಣ ನೋಡುವ ಕೆಲಸ ಕೊಡುತ್ತೇವೆ, ನಮ್ಮಲ್ಲಿಗೆ ಬರಲಿ ಎಂದು ಇಬ್ಬರನ್ನು ಕಳಿಸಿದರು. ಅರಳೆಗೆ ಬಿಳಿಯೊಂದೇ ಬಣ್ಣವಲ್ಲವೇ ಎಂದು ಎಲಾದಿಯೊ ಕೇಳಿದ. ಅವರು ಅದರಲ್ಲೇ ನೋಡಬಹುದು ಎಂದರು.

ಕುತುಬುದ್ದೀನ ಆಟದ ಮಾತು ಎತ್ತಿದಾಗ ಎಲಾದಿಯೊ ನಗಲಿಲ್ಲ. ಪ್ಯಾಂಟು ಮಡಚಿ ಮೊಣಕಾಲು ತೋರಿಸಿದ. ಹೊಲಿಗೆಯ ಗುರುತು ದಪ್ಪ ಹಗ್ಗದಂತೆ ಇಳಿದಿತ್ತು. ಆಗುವುದಿಲ್ಲ ಎಂದು ಹೇಳು, ಎಂದ. ಕುತುಬುದ್ದೀನ ಹೋಗಿ ಶೆಟ್ಟರಿಗೆ ಸಾಹೇಬರು ಒಪ್ಪಿದ್ದಾರೆ ಎಂದು ಹೇಳಿದ. ಹಿಂದಿರುಗಿ ಬಂದು ಎಲಾದಿಯೊನಿಗೆ, ಹಾವೇರಿಯಲ್ಲಿ ನಿನಗೆ ಸನ್ಮಾನ ಇಟ್ಟಿದ್ದಾರೆ, ಬಂದು ಕೂತರೆ ಸಾಕು ಎಂದ. ಎರಡು ಕಡೆಗೂ ಸಂತೋಷವಾಯಿತು. ಅವನೊಬ್ಬನಿಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ.

ಪಂದ್ಯದ ದಿನ ಹಾವೇರಿ ಸ್ಟೇಷನ್ನಿನಲ್ಲಿ ಬಾಜಾಬಜಂತ್ರಿ. ಪ್ರಭಾಕರರಾಯರು ಎಲಾದಿಯೊನ ಕೊರಳಿಗೆ ಏಲಕ್ಕಿ ಮಾಲೆ ಹಾಕಿ, ಅದರ ಮೇಲೆ ಇನ್ನೊಂದು ಹಾಕಿ, ಮೆರವಣಿಗೆಯಲ್ಲಿ ಬಯಲಿನ ಪಕ್ಕದ ಶಾಲೆಯ ಕೋಣೆಗೆ ಕರೆದೊಯ್ದರು. ಕೋಣೆಯಲ್ಲಿ ಬೆಂಚಿನ ಮೇಲೆ ಹಸಿರು ಬನಿಯನ್ನೂ ಚಡ್ಡಿಯನ್ನೂ ಮಡಚಿ ಇಟ್ಟಿದ್ದರು. ಎಲ್ಲರೂ ಹೊರಗೆ ಹೋದ ಮೇಲೆ ಎಲಾದಿಯೊ ಚಡ್ಡಿಯನ್ನು ಎತ್ತಿ ಹಿಡಿದು ನೋಡಿದ, ಆಮೇಲೆ ಕುತುಬುದ್ದೀನನನ್ನು ನೋಡಿದ.

ಕುತುಬುದ್ದೀನ ನೆಲ ನೋಡುತ್ತ ತನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಕತ್ತಿಯನ್ನೂ ಬಿಡಲಿಲ್ಲ.

“ನನಗೆ ಒಟ್ಟು ಎಷ್ಟು ಗೋಲು ಕೊಟ್ಟಿದ್ದೀಯ?” ಎಂದು ಎಲಾದಿಯೊ ಕೇಳಿದ.

“ನಾನೂರು.”

“ಒಂಬತ್ತು ವರ್ಷದಲ್ಲಿ?”

“ಈ ಊರಿನಲ್ಲಿ ಆರು ಅನ್ನುತ್ತಾರೆ.”

ಎಲಾದಿಯೊ ಬೆಂಚಿನ ಮೇಲೆ ಕೂತ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ. ಅವರು ನಗುತ್ತಿದ್ದರು, ಅದಕ್ಕೆ, ಎಂದ ಕುತುಬುದ್ದೀನ. ಹೊರಗೆ ಜನ ‘ಎಲ್ಲದೀರಿ ಸಾಹೇಬ್ರಿಗೆ ಜೈ’ ಎಂದು ಕೂಗುತ್ತಿದ್ದರು. ಕಿಟಕಿಯಲ್ಲಿ ಬಯಲು ಕಾಣುತ್ತಿತ್ತು. ಸುಣ್ಣದ ಗೆರೆ ಹೊಸದಾಗಿ ಎಳೆದಿದ್ದರು, ಬಿದಿರಿನ ಗೋಲುಕಂಬಗಳಿಗೆ ಕಾಗದದ ಹೂ ಕಟ್ಟಿದ್ದರು. ಎಲಾದಿಯೊ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದ.

“ಆ ನಾನೂರು ಗೋಲಿಗೆ ನನಗೆ ಚೆಂಡು ಕೊಟ್ಟವರು ಯಾರು?” ಎಂದ. “ಅವರ ಹೆಸರು ಒಂದಾದರೂ ಹೇಳಿದೆಯಾ?”

ಅಷ್ಟು ಸುಳ್ಳು ಕಟ್ಟುವಾಗ ಕುತುಬುದ್ದೀನನಿಗೆ ಅದು ಹೊಳೆದಿರಲಿಲ್ಲ. ಎಲಾದಿಯೊ ಮೊಣಕಾಲಿಗೆ ಕಟ್ಟಲು ಬಟ್ಟೆ ಕೇಳಿದ. ಕುತುಬುದ್ದೀನ ತನ್ನ ರುಮಾಲನ್ನು ಬಿಚ್ಚಿ ಉದ್ದಕ್ಕೆ ಹರಿದು ಕೊಟ್ಟ. ಹೊರಡುವ ಮುಂಚೆ ಎಲಾದಿಯೊ ಬೂಟು ಕಳಚಿ ಬೆಂಚಿನ ಕೆಳಗೆ ಇಟ್ಟ. ಉಳಿದವರೆಲ್ಲ ಬರಿಗಾಲಿನವರು, ಯಾರ ಬೆರಳೂ ಮುರಿಯಬಾರದು ಎಂದು.

ಪಂದ್ಯದ ಮೊದಲು ಪ್ರಭಾಕರರಾಯರ ಸ್ವಾಗತ ಭಾಷಣ ಐವತ್ತು ನಿಮಿಷ ನಡೆಯಿತು. ಆಟ ಅರ್ಧರ್ಧ ತಾಸಿನ ಎರಡು ಭಾಗ. ಭಾಷಣವನ್ನೇ ಒಂದು ಪಂದ್ಯ ಎನ್ನಬಹುದಿತ್ತು. ನಾನೂರ ಒಂದನೆಯ ಗೋಲು ಹಾವೇರಿಯ ಪುಣ್ಯಭೂಮಿಯಲ್ಲಿ ಆಗಲಿದೆ, ನಾವೆಲ್ಲ ಅದನ್ನು ಕಣ್ಣಾರೆ ಕಂಡು ಮಕ್ಕಳಿಗೆ ಹೇಳಲಿದ್ದೇವೆ ಎಂದು ಅವರು ಮುಗಿಸಿದರು. ಕಿವಿ ಮಂದವಾಗಿದ್ದ ರಾವಸಾಹೇಬರು ಗೋಲು ಆಗಲೇ ಆಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು.

ಸೀಟಿ ಊದಿತು. ಇಪ್ಪತ್ತೊಂದು ಜನ ಚೆಂಡಿನ ಹಿಂದೆ ಓಡಿದರು. ಎಲಾದಿಯೊ ಬಯಲಿನ ನಡುವೆ ನಿಂತ.

ಅವನು ನಿಂತೇ ಇದ್ದ. ಆಗೊಮ್ಮೆ ಈಗೊಮ್ಮೆ ನಾಲ್ಕು ಹೆಜ್ಜೆ ಎಡಕ್ಕೆ, ಆರು ಹೆಜ್ಜೆ ಬಲಕ್ಕೆ ಸರಿಯುತ್ತಿದ್ದ. ವಿಚಿತ್ರವೆಂದರೆ ಗುಂಪಿನಿಂದ ಸಿಡಿದ ಚೆಂಡು ಪ್ರತಿಸಲ ಅವನು ಸರಿದು ನಿಂತಲ್ಲಿಗೇ ಬರುತ್ತಿತ್ತು. ಬಂದ ಚೆಂಡನ್ನು ಅವನು ನಿಲ್ಲಿಸಿ, ತಲೆ ಎತ್ತಿ ನೋಡಿ, ಯಾರ ಹತ್ತಿರ ಯಾರೂ ಇಲ್ಲವೋ ಅಂಥವನಿಗೆ ಕಳಿಸಿಬಿಡುತ್ತಿದ್ದ. ಬ್ಯಾಡಗಿಯ ಹುಡುಗರಿಗೆ ಅಷ್ಟು ಬಿಡುವಾಗಿ ಚೆಂಡು ಸಿಕ್ಕಿದ್ದು ಜನ್ಮದಲ್ಲಿ ಮೊದಲು. ಸಿಕ್ಕ ಸಂತೋಷದಲ್ಲಿ ಕೆಲವರು ಅದನ್ನು ನೋಡುತ್ತ ನಿಂತುಬಿಟ್ಟರು.

ಜನಕ್ಕೆ ಇದು ತಿಳಿಯಲಿಲ್ಲ. ಮರ ಹತ್ತಿ ಕೂತವರು ಸಾಹೇಬನಿಗೆ ಕಾಲು ನೋಯುತ್ತಿದೆ ಎಂದರು. ಗೆರೆಯ ಪಕ್ಕ ನಿಂತಿದ್ದ ಒಬ್ಬ ಮುದುಕ, ಇವನಿಗೆ ಚೆಂಡಿನ ಮೇಲೆ ಆಸೆಯೇ ಇಲ್ಲ, ಬಂದದ್ದನ್ನೆಲ್ಲ ದಾನ ಮಾಡುತ್ತಾನೆ ಎಂದ. ಸೋಮಣ್ಣಶೆಟ್ಟರು ಕುರ್ಚಿಯಲ್ಲಿ ಹೊರಳಾಡುತ್ತಿದ್ದರು. ಅರ್ಧ ಆಟ ಮುಗಿದಾಗ ಯಾರದೂ ಗೋಲು ಆಗಿರಲಿಲ್ಲ. ಶೆಟ್ಟರು ಕುತುಬುದ್ದೀನನನ್ನು ಕರೆದರು.

“ಹೋಗಿ ಹೇಳ ಅವಗ. ಮಂದಿಗೆ ಕೊಡೂದು ಸಾಕು, ತಾನ ಹೊಡೀಲಿ ಅಂತ. ಗೋಲ ನೋಡಾಕ ಬಂದಾರ ಜನ, ಅವನ ಉದಾರತನ ನೋಡಾಕ ಅಲ್ಲ.”

ಕುತುಬುದ್ದೀನ ಹೋದ. ಎಲಾದಿಯೊ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ರುಮಾಲು ಬಿಗಿದ ಮೊಣಕಾಲು ಊದಿ ಬಟ್ಟೆ ಮೀರಿ ಕಾಣುತ್ತಿತ್ತು. ಶೆಟ್ಟರ ಮಾತನ್ನು ಕುತುಬುದ್ದೀನ ಇದ್ದದ್ದು ಇದ್ದ ಹಾಗೆ ಹೇಳಿದ. ಎಲಾದಿಯೊ ಅದನ್ನು ಕೇಳಿ ಬಸವರಾಜನನ್ನು ಕರೆಯಲು ಹೇಳಿದ. ನೀರು ಕುಡಿಯುತ್ತಿದ್ದ ಬಸವರಾಜ ಬಂದು ನಿಂತ. ಎಲಾದಿಯೊ ಕೈಯಿಂದ ಬಯಲು ತೋರಿಸುತ್ತ ಮೂರು ಮಾತು ಹೇಳಿದ. ಎರಡು ತಿಂಗಳಲ್ಲಿ ಮೊದಲ ಸಲ ಕುತುಬುದ್ದೀನ ಅವನ ಮಾತನ್ನು, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ, ದಾಟಿಸಿದ.

“ಚೆಂಡಿನ ಕಡೆ ಓಡಬ್ಯಾಡ. ಯಾರೂ ಇಲ್ಲದ ಕಡೆ ಹೋಗಿ ನಿಂದರು. ಚೆಂಡ ಬರತೈತಿ.”

“ಬರದಿದ್ರ ಚಾಚಾ?” ಎಂದ ಬಸವರಾಜ.

“ಬರತೈತಿ ಅನ್ನಾಕತ್ಯಾರ. ನಾನೂ ಅದನ್ನ ಹೇಳ್ತೇನಿ.”

ಎರಡನೆಯ ಅರ್ಧದ ಕೊನೆಗೆ ಅದು ನಡೆಯಿತು. ರಾಣೇಬೆನ್ನೂರಿನವರು ಎಲ್ಲರೂ ಮುಂದೆ ನುಗ್ಗಿ ಬಂದಿದ್ದರು. ಚೆಂಡು ಯಾರದೋ ಹಿಮ್ಮಡಿಗೆ ತಾಗಿ ಎಲಾದಿಯೊನ ಕಡೆ ಉರುಳಿತು. ಅವನು ಅದನ್ನು ತಗೊಂಡು, ಆ ದಿನ ಮೊದಲ ಸಲ, ಓಡಿದ. ಕುಂಟುತ್ತ ಓಡಿದ. ಎದುರಿಗೆ ಬಂದ ಒಬ್ಬನನ್ನು ಭುಜ ತಗ್ಗಿಸಿ ದಾಟಿದ, ಇನ್ನೊಬ್ಬ ತಾನಾಗಿ ಜಾರಿ ಬಿದ್ದ. ಈಗ ಮುಂದೆ ಗೋಲ್‌ಕೀಪರ್ ಒಬ್ಬನೇ. ಬಯಲಿನ ನಾಲ್ಕೂ ಕಡೆ ಜನ ಎದ್ದು ನಿಂತರು. ಪ್ರಭಾಕರರಾಯರು ಕುರ್ಚಿ ಹತ್ತಿದರು. ಗೋಲ್‌ಕೀಪರ್ ನಾನೂರು ಗೋಲಿನ ಭಯದಲ್ಲಿ ಕಂಬ ಬಿಟ್ಟು ಮುಂದೆ ಓಡಿ ಬಂದ.

ಎಲಾದಿಯೊ ಪಾದದ ಅಂಚಿನಿಂದ ಚೆಂಡನ್ನು ಎಡಗಡೆಗೆ, ಸ್ವಲ್ಪ ಹಿಂದಕ್ಕೆ ತಳ್ಳಿದ. ಅಲ್ಲಿ ಯಾರೂ ಇಲ್ಲದ ಜಾಗದಲ್ಲಿ ಹತ್ತು ನಿಮಿಷದಿಂದ ನಿಂತು, ಚಿಕ್ಕಪ್ಪಂದಿರಿಂದಲೂ ದೊಡ್ಡಪ್ಪಂದಿರಿಂದಲೂ ಬೈಸಿಕೊಳ್ಳುತ್ತಿದ್ದ ಬಸವರಾಜ ಅದನ್ನು ಖಾಲಿ ಗೋಲಿನೊಳಗೆ ಉರುಳಿಸಿದ.

ಆಮೇಲೆ ಏನು ನಡೆಯಬೇಕೋ ಅದೆಲ್ಲ ನಡೆಯಿತು. ಬಸವರಾಜನನ್ನು ಹೆಗಲ ಮೇಲೆ ಹೊತ್ತರು. ನಾನೂರ ಒಂದನೆಯ ಗೋಲಿಗೆಂದು ಇಟ್ಟಿದ್ದ ಏಲಕ್ಕಿ ಮಾಲೆ ಅವನ ಕೊರಳಿಗೆ ಬಿತ್ತು. ರಾವಸಾಹೇಬರು ಶೀಲ್ಡು ಕೊಟ್ಟರು. ಪ್ರಭಾಕರರಾಯರು ವಂದನಾರ್ಪಣೆಯಲ್ಲಿ, ನಮ್ಮ ಮಣ್ಣಿನ ಮಗನ ಎದುರು ದೂರದೇಶದ ದಿಗ್ಗಜರೂ ಮಂಕಾದರು ಎಂದು ಒಂದೇ ಉಸಿರಿನಲ್ಲಿ ಭಾಷಣವನ್ನು ತಿರುಗಿಸಿಬಿಟ್ಟರು. ಬಯಲಿನ ನಡುವೆ ಎಲಾದಿಯೊ ಮೊಣಕಾಲು ಹಿಡಿದು ಕೂತಿದ್ದ. ಅವನ ಹತ್ತಿರ ಹೋದವನು ಕುತುಬುದ್ದೀನನೊಬ್ಬನೇ. ಮುಖದಲ್ಲಿ ಬೆವರು, ಧೂಳು. ಆದರೆ ಅಂಥ ತೃಪ್ತಿಯನ್ನು ಕುತುಬುದ್ದೀನ ಅವನ ಮುಖದಲ್ಲಿ ಎಂದೂ ಕಂಡಿರಲಿಲ್ಲ.

ಮೊಣಕಾಲು ಮೂರು ವಾರ ನೆಲ ಮುಟ್ಟಲಿಲ್ಲ. ಎಲಾದಿಯೊನನ್ನು ಕುತುಬುದ್ದೀನ ತನ್ನ ಮನೆಯಲ್ಲೇ ಇಟ್ಟುಕೊಂಡ. ಜೈತೂನಬಿ ಔಡಲ ಎಲೆಯನ್ನು ಬಿಸಿಮಾಡಿ ಕಟ್ಟುತ್ತ, ನೀನು ಮಾಡಿದ ನಾನೂರು ಗೋಲನ್ನು ನಾನು ದಿನಾ ಒಂದೊಂದಾಗಿ ಇಳಿಸಬೇಕಾಗಿದೆ ಎಂದು ಗಂಡನಿಗೆ ಅಂದಳು. ಮೆಣಸಿನಕಾಯಿಯ ಮಾದರಿಗಳನ್ನು ಮನೆಗೇ ತರಿಸಿ, ಹೊರಸಿನ ಮೇಲೆ ಮಲಗಿಕೊಂಡೇ ಅವನು ಬಣ್ಣ ನೋಡುತ್ತಿದ್ದ.

ಇತ್ತ ಪೇಟೆಯಲ್ಲಿ ಬೇರೆಯೇ ಮಾತು ಹುಟ್ಟಿತ್ತು. ನಾನೂರು ಗೋಲು ಹೊಡೆದವನು ಖಾಲಿ ಗೋಲಿನ ಎದುರು ಹೊಡೆಯಲಿಲ್ಲ ಎಂದರೆ ಏನರ್ಥ? ರಾಣೇಬೆನ್ನೂರಿನವರಿಂದ ಏನೋ ತಗೊಂಡಿರಬೇಕು ಎಂದು ಕೆಲವರು. ಗೆದ್ದದ್ದು ನಾವಲ್ಲವೇ ಎಂದರೆ, ಅದು ಅವನ ಕೈ ಮೀರಿ ನಡೆದದ್ದು ಎನ್ನುತ್ತಿದ್ದರು. ಇದು ಕಿವಿಗೆ ಬಿದ್ದ ದಿನ ಕುತುಬುದ್ದೀನನಿಗೆ ತಡೆಯಲಾಗಲಿಲ್ಲ. ಯೂನಿಯನ್ನಿನ ಸಭೆಯಲ್ಲಿ ಎದ್ದು ನಿಂತು, ನಾನೂರು ಎಂಬುದು ತನ್ನದೇ ಸುಳ್ಳು, ಸಾಹೇಬ ಹೇಳಿದ್ದು ನಾಲ್ಕು, ಅದರಲ್ಲೂ ಒಂದು ಅವನದೇ ತಂಡದ ಮೇಲೆ, ತಪ್ಪೆಲ್ಲ ನನ್ನದು ಎಂದು ಕೈಮುಗಿದ. ಸೋಮಣ್ಣಶೆಟ್ಟರೇ ಮಾತಾಡಿದರು.

“ಕುತುಬುದ್ದೀನ, ನಾಕನೂರಂತ ಅಚ್ಚ ಹಾಕಿಸೇವಿ. ಸಾಹೇಬ್ರ ಮಾನಪತ್ರಕ್ಕ ಗಾಜಿನ ಕಟ್ಟ ಹಾಕಿಸೇವಿ. ಈಗ ಬಂದು ನಾಕ ಅಂದ್ರ ಹೆಂಗ?”

“ಖರೇ ಅದ ಐತ್ರಿ, ಸಾವಕಾರ್ರ.”

“ಖರೇ ಇರಬಹುದು. ಆದ್ರ ಭಾಳ ತಡಾ ಮಾಡಿ ಹೇಳೀದಿ.”

ಸಭೆ ಎರಡು ಠರಾವು ಮಾಡಿತು. ಒಂದು, ಮಾನ್ಯ ಅತಿಥಿಗಳ ಕೀರ್ತಿಗೆ ಕುಂದು ತಂದ ಕುತುಬುದ್ದೀನನನ್ನು ಉಪಕಾರ್ಯದರ್ಶಿಯ ಹುದ್ದೆಯಿಂದ ತೆಗೆದದ್ದು. ಎರಡು, ಹಾವೇರಿಯಲ್ಲಿ ಸಾಹೇಬರು ಗೋಲು ಹೊಡೆಯದೆ ಇದ್ದದ್ದು ಅರ್ಧ ಆಟದಲ್ಲಿ ದುಭಾಷಿಯು ಅಧ್ಯಕ್ಷರ ಮಾತನ್ನು ತಿರುಚಿ ಹೇಳಿದ್ದರಿಂದ ಎಂದು ದಾಖಲೆ ಮಾಡಿದ್ದು. ಎರಡು ತಿಂಗಳು ಸುಳ್ಳು ಹೇಳಿದಾಗ ಕುರ್ಚಿ ಕೊಟ್ಟವರು, ಸರಿಯಾಗಿ ದಾಟಿಸಿದ ಆ ಒಂದು ಮಾತಿಗೆ ಅವನನ್ನು ಸುಳ್ಳುಗಾರ ಎಂದು ಬರೆದರು. ಗುಮಾಸ್ತನ ಕೆಲಸ ಮಾತ್ರ ಉಳಿಯಿತು; ಚೀಲದ ಮೇಲೆ ಅಷ್ಟು ಅಂದವಾಗಿ ಅಕ್ಷರ ಬರೆಯುವವರು ಬೇರೆ ಇರಲಿಲ್ಲ.

ಎಲಾದಿಯೊನಿಗೆ ಇದನ್ನೆಲ್ಲ ಹೇಳಿದಾಗ ಅವನು ನಗುತ್ತ ನಗುತ್ತ ಕೆಮ್ಮು ಬರಿಸಿಕೊಂಡ. ಆಮೇಲೆ, ತನ್ನೂರಿನಲ್ಲಿಯೂ ಸಭೆಗಳು ಹೀಗೇ ನಡೆಯುತ್ತಿದ್ದವು, ಯುದ್ಧ ಶುರುವಾದದ್ದು ಅಂಥ ಸಭೆಗಳಿಂದಲೇ ಎಂದ. ಹೆಂಡತಿ ಮಗಳು ಗಡಿ ದಾಟಿ ಫ್ರಾನ್ಸಿನಲ್ಲಿ ಇದ್ದರು. ಅವರ ಕಾಗದ ಬಾರದೆ ಐದು ತಿಂಗಳಾಗಿತ್ತು. ಅದನ್ನು ಅವನು ಹೇಳಿದ್ದು ಆ ದಿನವೇ ಮೊದಲು. ಜೈತೂನಬಿಗೆ ಅವನ ಭಾಷೆ ಒಂದು ಅಕ್ಷರ ತಿಳಿಯದು. ಆದರೂ ಅವಳು ಎಲೆ ಬಿಸಿಮಾಡುವುದನ್ನು ನಿಲ್ಲಿಸಿ ಕೂತು ಕೇಳಿದಳು.

ಆ ಮೂರು ವಾರ ದಿನಾ ಮಧ್ಯಾಹ್ನ ಬಸವರಾಜ ಬರುತ್ತಿದ್ದ. ಊರೆಲ್ಲ ಅವನನ್ನು ಗೋಲಿನ ವೀರ ಎನ್ನುತ್ತಿತ್ತು, ಅವನಿಗೆ ಮಾತ್ರ ಅದು ತನ್ನದಲ್ಲ ಎಂದು ಗೊತ್ತಿತ್ತು. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಹೇಗೆ ತಿಳಿಯುತ್ತದೆ ಎಂಬುದೊಂದೇ ಅವನ ಪ್ರಶ್ನೆ. ಎಲಾದಿಯೊ ಹೊರಸಿನ ಪಕ್ಕದ ನೆಲದಲ್ಲಿ ಮೆಣಸಿನಕಾಯಿ ಜೋಡಿಸಿ ತೋರಿಸುತ್ತಿದ್ದ, ಕುತುಬುದ್ದೀನ ಪದಕ್ಕೆ ಪದ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನಿಗೇ ಆಟ ಕಾಣತೊಡಗಿತು.

ಏಪ್ರಿಲಿನಲ್ಲಿ ಖರೀದಿ ಮುಗಿಯಿತು. ಎಲಾದಿಯೊ ಕೋಲೂರಿಕೊಂಡು ಗಾಡಿ ಹತ್ತಿದ. ಬೀಳ್ಕೊಡಲು ಯೂನಿಯನ್ನಿನವರು ಬರಲಿಲ್ಲ. ಗಾಜಿನ ಕಟ್ಟು ಹಾಕಿಸಿದ ಮಾನಪತ್ರವನ್ನು ಮಾತ್ರ ಹಮಾಲನ ಕೈಯಲ್ಲಿ ಕಳಿಸಿಕೊಟ್ಟರು. ಕಿಟಕಿಯಿಂದ ಅವನು ಕುತುಬುದ್ದೀನನ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಅದನ್ನು ಇಂಗ್ಲಿಷಿಗೆ ತರಲು ಅವನು ಯತ್ನಿಸಲಿಲ್ಲ, ಕುತುಬುದ್ದೀನನೂ ಕೇಳಲಿಲ್ಲ. ಮರುವರ್ಷ ಮಾರ್ಸೇಲ್ಸ್ ಬಂದರಿನ ಮುದ್ರೆಯಿದ್ದ ಒಂದು ಕಾರ್ಡು ಬಂತು: ಹೆಂಡತಿ ಮಗಳು ಸಿಕ್ಕಿದ್ದಾರೆ, ಮೊಣಕಾಲು ಹಾಗೇ ಇದೆ. ಆಮೇಲೆ ದೊಡ್ಡ ಯುದ್ಧ ಶುರುವಾಗಿ ಹಡಗುಗಳು ನಿಂತವು, ಕಾರ್ಡುಗಳೂ ನಿಂತವು.

ಬಸವರಾಜ ಮುಂದಿನ ಸಾಲಿನಲ್ಲಿ ಆಡುವುದನ್ನು ಬಿಟ್ಟು ನಡುವೆ ಆಡತೊಡಗಿದ. ಶೆಟ್ಟರು ಇದನ್ನು ಮನೆತನಕ್ಕೆ ಬಂದ ಕೇಡು ಎಂದುಕೊಂಡರು. ಗೋಲು ಹೊಡೆಯುವ ಮಗನಿಗೆ ಹೆಣ್ಣು ಕೊಡಲು ಬರುತ್ತಿದ್ದವರು, ಗೋಲು ಹೊಡೆಸುವ ಮಗ ಎಂದು ತಿಳಿದು ಹಿಂದೆ ಸರಿದರಂತೆ. ಆದರೆ ಅವನು ಬದಲಾಗಲಿಲ್ಲ. ತಂಡದ ಉಳಿದ ಹತ್ತು ಜನ ನಿಧಾನವಾಗಿ ಚೆಂಡಿನ ಹಿಂದೆ ಓಡುವುದನ್ನು ಬಿಟ್ಟರು. ಮೇಡ್ಲೇರಿಯವರು, ಹಾವೇರಿಯವರು ಇವರ ಜೊತೆ ಆಡಲು ಬೇಸರಪಡುತ್ತಿದ್ದರು. ಬ್ಯಾಡಗಿಯವರ ಆಟದಲ್ಲಿ ನೋಡಲು ಏನೂ ಇರುವುದಿಲ್ಲ, ಸುಮ್ಮನೆ ಗೆಲ್ಲುತ್ತಾರೆ ಎಂದು ದೂರು.

೧೯೪೧ರ ಬೇಸಿಗೆಯಲ್ಲಿ ಮೇಡ್ಲೇರಿಯ ಹೊಳೆದಂಡೆಯ ಬಯಲಿನಲ್ಲಿ ಒಂದು ಪಂದ್ಯವಾಯಿತು. ಕುತುಬುದ್ದೀನ ಚಕ್ಕಡಿ ಹತ್ತಿ ಅದನ್ನು ನೋಡಲು ಹೋದ. ಎಲ್ಲರೂ ಚೆಂಡನ್ನು ನೋಡುತ್ತಿದ್ದರೆ ಇವನು ಗೆರೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಸವರಾಜನನ್ನೇ ನೋಡುತ್ತಿದ್ದ: ಅವನು ಯಾವಾಗ ತಲೆ ಎತ್ತುತ್ತಾನೆ, ಯಾವ ಕಡೆ ನಾಲ್ಕು ಹೆಜ್ಜೆ ಸರಿಯುತ್ತಾನೆ, ಅವನು ಸರಿದ ಮೇಲೆ ಚೆಂಡು ಬರಲು ಎಷ್ಟು ಹೊತ್ತು ಹಿಡಿಯುತ್ತದೆ. ಬಿಸಿಲಿನಲ್ಲಿ ಕೂತು ತಲೆ ಸುಟ್ಟದ್ದೂ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಜೈತೂನಬಿ ಕುಡಿಯಲು ನೀರು ಕೊಟ್ಟು, ಯಾರು ಗೆದ್ದರು ಎಂದು ಕೇಳಿದಳು. ಕುತುಬುದ್ದೀನ ತಂಬಿಗೆ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. ಅದನ್ನು ನೋಡುವುದೇ ಮರೆತುಹೋಗಿತ್ತು.